ಹಳೆಯ ರಿವಾಲ್ವರಿನ ಲಕ್ಷ್ಯಪರೀಕ್ಷೆ

ದ್ರೋಣಾಚಾರ್ಯರು ಶಿಷ್ಯರ ದೃಷ್ಟಿಯನ್ನು ಪರೀಕ್ಷಿಸಿದರೇ ಹೊರತು ಬಿಲ್ಲನ್ನಲ್ಲ. ನನ್ನ ಮಿತ್ರರೊಬ್ಬರಿಗೆ ಈಚೆಗೆ ಇದಕ್ಕೆ ವಿಪರೀತವಾದ ಸಂದರ್ಭವು ಒದಗಿತು. ತಂದೆಯವರಿಂದ ಬಂದ, ಪರವಾನಗಿಯುಳ್ಳ ವೆಬ್ಲಿ ರಿವಾಲ್ವರೊಂದು ಅವರಲ್ಲಿದೆ. ಬರ್ಮಿಂಗ್‌ಹ್ಯಾಮಿನ ಈ ಕಾರ್ಖಾನೆಯ ರಿವಾಲ್ವರನ್ನು ಬ್ರಿಟಿಷ್ ಸೈನ್ಯವು 1887ರಲ್ಲಿ ಅಂಗೀಕರಿಸಿತು. 1915ರ ಆರನೆಯ ಮಾದರಿಯು ಮೊದಲನೆಯ ಮಹಾಯುದ್ಧದಲ್ಲಿ ಹೆಸರಾಯಿತು. ಮಿತ್ರರದು ಅದರ ಚಿಕ್ಕ ತಮ್ಮ, .32 ಬೋರಿನದು.

“ಇದು ಗುರಿಗೆ ಬೀಳುವುದಿಲ್ಲ, ಮೇಷ್ಟ್ರೇ. ಠಾಣೆಗೆ ಒಪ್ಪಿಸಿಬಿಡುತ್ತೇನೆ” ಎಂದು ಅವರು ಬೇಸರಪಟ್ಟರು. ತಂದೆಯ ಕೈಯಲ್ಲಿದ್ದ ವಸ್ತು. ಒಮ್ಮೆ ಹೋದರೆ ಮರಳಿ ಬಾರದು. ಪರೀಕ್ಷಿಸದೆಯೇ ಅನುತ್ತೀರ್ಣವೆಂದು ಬರೆಯುವುದು, ಜೀವಮಾನವೆಲ್ಲ ಉತ್ತರಪತ್ರಿಕೆಗಳನ್ನು ತಿದ್ದಿದ ನನಗೆ ಸರಿದೋರಲಿಲ್ಲ.

ಗುರಿಮೈದಾನದಲ್ಲಿ ನಿವೃತ್ತ ಹವಾಲ್ದಾರರೊಬ್ಬರು ಮೇಲ್ವಿಚಾರಕರು. ಅವರು ಮೊದಲು ಆಯುಧವನ್ನು ಮಡಿಚಿ ತೆರೆದು, ಬರಿದಾಗಿದೆಯೆಂದು ಖಚಿತಪಡಿಸಿಕೊಂಡರು. ಬಳಿಕ ಬಿಳಿಯ ಕಾಗದದ ಬೆಳಕಿನಲ್ಲಿ ನಳಿಗೆಯ ಒಳಗನ್ನು ನೋಡಿದರು. ಸುರುಳಿಗೀರುಗಳು ಸ್ಪಷ್ಟವಾಗಿದ್ದವು, ತುಕ್ಕಿರಲಿಲ್ಲ. ತೋಟೆಗಳು ಆ ಆಯುಧಕ್ಕೆ ತಕ್ಕವೇ ಎಂದು ಬೇರೆಯಾಗಿ ವಿಚಾರಿಸಿದರು. ಅಮೆರಿಕೆಗೆ ಹೋದ ಆರನೆಯ ಮಾದರಿಯ ಅನೇಕ ವೆಬ್ಲಿಗಳ ಸಿಲಿಂಡರನ್ನು ಹಿಂಬದಿಯಲ್ಲಿ ಅರೆದು .45 ಪಿಸ್ತೂಲಿನ ತೋಟೆ ಹಿಡಿಯುವಂತೆ ಮಾಡಿದ್ದರಂತೆ. ಆ ತೋಟೆಯ ಒತ್ತಡವು ಅವುಗಳ ಶಕ್ತಿಗೆ ಮೀರಿದುದು. ಹಿಡಿಸಿತೆಂದ ಮಾತ್ರಕ್ಕೆ ಹಿತವಲ್ಲ.

ಮನುಷ್ಯನ ದೋಷವನ್ನು ಆದಷ್ಟು ದೂರಮಾಡಬೇಕು. ಆದುದರಿಂದ ಮಿತ್ರರು ಕುಳಿತು, ಕೈಗಳನ್ನು ಮರಳಚೀಲದ ಮೇಲೆ ಊರಿ, ಪ್ರತಿಸಲವೂ ಕುದುರೆಯನ್ನು ಹೆಬ್ಬೆರಳಿನಿಂದ ಎಳೆದು ನಿಲ್ಲಿಸಿಕೊಂಡೇ ಹಾರಿಸಿದರು. ಹಾಗೆ ಮಾಡಿದರೆ ಟ್ರಿಗರು ಹಗುರವಾಗುತ್ತದೆ. ದೂರ 15 ಮೀಟರು. ಆರರಲ್ಲಿ ಐದು ಗುಂಡುಗಳು ಒಂದು ಲೋಟದ ಬಾಯಷ್ಟು ಸ್ಥಳದಲ್ಲಿ ಬಿದ್ದವು. ಒಂದು ಮಾತ್ರ ಎಡಕ್ಕೆ, ಕೆಳಕ್ಕೆ, ನಾಲ್ಕಂಗುಲ ಸರಿಯಿತು. ಎರಡನೆಯ ಸಲವೂ ಹಾಗೆಯೇ. “ಕೈ ನಡುಗಿತು” ಎಂದರು ಮಿತ್ರರು.

ಎರಡು ಸಲವೂ ಒಂದೇ ಕಡೆಗೆ ನಡುಗುವ ಕೈಯನ್ನು ನಾನು ಕಂಡಿಲ್ಲ. ನಮ್ಮ ತಾರ್ಕಿಕರ ಅನ್ವಯವ್ಯತಿರೇಕವು ಇಂತಹ ಕಡೆ ಉಪಯೋಗಕ್ಕೆ ಬರುತ್ತದೆ. ಸಿಲಿಂಡರಿನ ಆರು ಮನೆಗಳಿಗೂ ಸೀಮೆಸುಣ್ಣದಿಂದ ಅಂಕಿ ಹಾಕಿದೆವು. ತೋಟೆ ದುಬಾರಿ, ಅದಕ್ಕೆ ಲೆಕ್ಕವೂ ಉಂಟು. ಆದರೂ ಒಂದೊಂದು ಮನೆಯಿಂದ ಮೂರು ಮೂರರಂತೆ 18 ತೋಟೆಗಳನ್ನು ಬೇರೆಬೇರೆ ಕಾಗದಗಳಿಗೆ ವ್ಯಯಿಸಿದೆವು. ಮೂರನೆಯ ಮನೆಯ ಗುಂಡುಗಳು ಮೂರೂ ಎಡಗೆಳಗಿನಲ್ಲಿ ಗುಂಪಾಗಿದ್ದವು. ಉಳಿದ ಐದು ಮನೆಗಳು ನಿರ್ದೋಷಿಗಳು. ಒಬ್ಬ ಹುಡುಗನ ತಂಟೆಗೆ ಇಡೀ ತರಗತಿಯೇ ಬೈಸಿಕೊಂಡಂತಾಗಿತ್ತು.

ಹವಾಲ್ದಾರರು ಕಾರಣವನ್ನು ತೋರಿಸಿದರು. ಸಿಲಿಂಡರನ್ನು ತಡೆದು ನಿಲ್ಲಿಸುವ ಕಚ್ಚು ಆ ಮನೆಯ ಪಕ್ಕದಲ್ಲಿ ಸವೆದಿತ್ತು. ಮನೆಯು ನಳಿಗೆಗೆ ನೇರವಾಗಿ ನಿಲ್ಲದೆ ಗುಂಡಿನ ಅಂಚು ಕೆತ್ತಿಹೋಗುತ್ತಿತ್ತು. ನಳಿಗೆಯ ಬುಡದಲ್ಲಿ ಸೀಸದ ಚೂರುಗಳು ಅಂಟಿದ್ದವು. ಗುಂಡುಗಳೆಲ್ಲ ಗುಂಪಾಗಿದ್ದೂ ನಡುವಿನಿಂದ ಸರಿದಿದ್ದರೆ ನಳಿಗೆಯ ಮೊನೆಯನ್ನೋ ಹಿಂದಿನ ಕಂಡಿಯನ್ನೋ ಶಂಕಿಸಬೇಕೆಂದೂ, ಕಾಗದದ ತೂತುಗಳು ಉದ್ದುದ್ದವಾಗಿದ್ದರೆ ಗುಂಡು ತಿರುಗದೆ ಅಡ್ಡಬೀಳುತ್ತಿದೆಯೆಂದೂ ಅವರು ತಿಳಿಸಿದರು.

ಪರವಾನಗಿಯುಳ್ಳ ಬಂದೂಕು ದುರಸ್ತಿಗಾರರು ನೋಡುವವರೆಗೆ ಮತ್ತೊಂದು ಗುಂಡನ್ನೂ ಹಾರಿಸಕೂಡದೆಂದು ಅವರ ಕಟ್ಟಪ್ಪಣೆ. ಮಿತ್ರರು ಠಾಣೆಗೆ ಹೋಗಲಿಲ್ಲ. ಮೂರನೆಯ ಮನೆಯ ಕಾಗದವನ್ನು ಮಡಿಚಿ, ಪರವಾನಗಿ ಪುಸ್ತಕದೊಳಗೆ ಇಟ್ಟುಕೊಂಡರು.