ಸಮುದ್ರ ಮರೆಯದ ಗೊಬ್ಬರ

ಪಾಪನಿವೇದನೆ ಮಾಡಿ ಹೊರಬಂದಾಗ ನಮ್ಮ ಮನಸ್ಸು ಹಗುರವಾಗುತ್ತದೆ. ಆದರೆ ನೆರೆಯವರ ಬೇಲಿ ಮುರಿದಿದ್ದರೆ, ಕ್ಷಮೆ ದೊರೆತ ಮೇಲೂ ಬೇಲಿ ಮುರಿದೇ ಇರುತ್ತದೆ. ಅದನ್ನು ಕಟ್ಟಿಕೊಡಬೇಕಾದವರು ನಾವೇ. ತಪ್ಪು ನಿಲ್ಲಿಸುವುದು ಬೇರೆ, ಅದರ ಫಲ ತೀರುವುದು ಬೇರೆ. ಯುರೋಪಿನ ಒಂದು ಸಮುದ್ರ ಈ ಪಾಠವನ್ನು ನಮ್ಮ ಕಣ್ಣೆದುರು ಇಡುತ್ತಿದೆ.

ಅದು ಬಾಲ್ಟಿಕ್ ಸಮುದ್ರ. ಅದರ ದಡದಲ್ಲಿ 9 ದೇಶಗಳಿವೆ. ಸುಮಾರು 8.5 ಕೋಟಿ ಜನರು ಬಾಳುವ ನೆಲದ ನೀರು ನದಿಗಳ ಮೂಲಕ ಅಲ್ಲಿಗೇ ಹರಿಯುತ್ತದೆ. ಹೊರಗಿನ ಸಾಗರಕ್ಕೆ ದಾರಿ ಎಂದರೆ ಡೆನ್ಮಾರ್ಕ್ ಬಳಿಯ ಕಿರಿದಾದ ಜಲಸಂಧಿಗಳು ಮಾತ್ರ. ಒಳಗಿನ ನೀರು ಬದಲಾಗಲು ಸುಮಾರು 30 ವರ್ಷ ಬೇಕು.

ಎರಡನೇ ಮಹಾಯುದ್ಧದ ನಂತರ ಹೊಲಗಳಿಗೆ ರಾಸಾಯನಿಕ ಗೊಬ್ಬರ ಧಾರಾಳವಾಗಿ ಬಿತ್ತು. ಬೆಳೆ ಹೀರದೆ ಉಳಿದ ಸಾರಜನಕ ಮತ್ತು ರಂಜಕ, ಜತೆಗೆ ಪಟ್ಟಣಗಳ ಚರಂಡಿ ನೀರು ಸಮುದ್ರ ಸೇರಿದವು. ಪಾಚಿ ಸೊಂಪಾಗಿ ಬೆಳೆಯಿತು. ಅದು ಸತ್ತು ತಳದಲ್ಲಿ ಕೊಳೆಯುವಾಗ ನೀರಿನ ಆಮ್ಲಜನಕವೆಲ್ಲ ಖರ್ಚಾಯಿತು. ಉಪ್ಪು ಹೆಚ್ಚಿರುವ ತಳದ ನೀರು ಭಾರ, ಮೇಲಿನ ನೀರಿನೊಡನೆ ಸುಲಭವಾಗಿ ಬೆರೆಯದು. ಹೀಗೆ ಆಳದಲ್ಲಿ ಉಸಿರಿಲ್ಲದ ವಿಶಾಲ ಪ್ರದೇಶಗಳು ಉಂಟಾದವು.

ಆ ದೇಶಗಳು ಕೈಕಟ್ಟಿ ಕೂರಲಿಲ್ಲ. 1974ರಲ್ಲಿ ಹೆಲ್ಸಿಂಕಿ ಒಪ್ಪಂದವಾಯಿತು. ಚರಂಡಿ ನೀರು ಶುದ್ಧೀಕರಿಸುವ ಘಟಕಗಳು ಬಂದವು. 1980ರ ದಶಕಕ್ಕೆ ಹೋಲಿಸಿದರೆ ಸಮುದ್ರ ಸೇರುವ ರಂಜಕ ಸುಮಾರು ಅರ್ಧಕ್ಕಿಳಿಯಿತು. ಆದರೂ ಬೇಸಿಗೆಯಲ್ಲಿ ಪಾಚಿ ಹಬ್ಬುವುದು ನಿಂತಿಲ್ಲ. ಏಕೆ?

ಸಾರಜನಕದ ಒಂದು ಪಾಲನ್ನು ಸೂಕ್ಷ್ಮಜೀವಿಗಳು ಅನಿಲವಾಗಿಸಿ ಗಾಳಿಗೆ ಮರಳಿಸುತ್ತವೆ. ರಂಜಕಕ್ಕೆ ಆ ದಾರಿಯಿಲ್ಲ. ಅದು ತಳದ ಕೆಸರಿನಲ್ಲಿ ಕಬ್ಬಿಣದೊಡನೆ ಅಂಟಿಕೊಂಡಿರುತ್ತದೆ. ಆಮ್ಲಜನಕ ಇಲ್ಲವಾದಾಗ ಆ ಬಂಧ ಕಳಚಿ, ರಂಜಕ ಮತ್ತೆ ನೀರಿಗೆ ಬರುತ್ತದೆ. ಗಾಳಿಯಿಂದಲೇ ಸಾರಜನಕ ಪಡೆಯಬಲ್ಲ ನೀಲಿ-ಹಸಿರು ಪಾಚಿಗೆ ಇಷ್ಟೇ ಸಾಕು. ಪಾಚಿ ಸತ್ತು ಕೊಳೆತರೆ ಮತ್ತೆ ಆಮ್ಲಜನಕ ನಷ್ಟ, ಮತ್ತೆ ರಂಜಕ ಮೇಲಕ್ಕೆ. ಅಜ್ಜ ಹೊಲಕ್ಕೆ ಎರಚಿದ್ದನ್ನು ಮೊಮ್ಮಗನ ಕಾಲದ ಸಮುದ್ರ ಇನ್ನೂ ಉಣ್ಣುತ್ತಿದೆ.

ಇದರ ಬೆಲೆಯನ್ನು ಬೆಸ್ತರೂ ತೆತ್ತಿದ್ದಾರೆ. ಕಾಡ್ ಮೀನಿನ ಮೊಟ್ಟೆ ಬದುಕಲು ಆಳದ ಉಪ್ಪು ನೀರು ಬೇಕು, ಅಲ್ಲಿ ಆಮ್ಲಜನಕವೂ ಇರಬೇಕು. ಅತಿಯಾದ ಮೀನುಗಾರಿಕೆಯೂ ಸೇರಿ ಆ ಮೀನಿನ ಸಂತತಿ ಕುಸಿಯಿತು. 2019ರಲ್ಲಿ ಯುರೋಪಿಯನ್ ಒಕ್ಕೂಟವು ಪೂರ್ವ ಬಾಲ್ಟಿಕ್‌ನಲ್ಲಿ ಕಾಡ್ ಹಿಡಿಯುವುದನ್ನು ತಡೆಯಬೇಕಾಯಿತು.

2007ರಲ್ಲಿ ಪೋಲೆಂಡಿನ ಕ್ರಾಕೋವ್ ನಗರದಲ್ಲಿ ಬಾಲ್ಟಿಕ್ ದೇಶಗಳು ಸೇರಿ, 2021ರೊಳಗೆ ಸಮುದ್ರವನ್ನು ಗುಣಪಡಿಸುವ ಯೋಜನೆ ಒಪ್ಪಿಕೊಂಡವು. ಗುರಿ ಮುಟ್ಟಲಿಲ್ಲ. ಆದರೆ ಕೈಚೆಲ್ಲದೆ 2021ರಲ್ಲಿ ಯೋಜನೆಯನ್ನು ನವೀಕರಿಸಿದರು. ಕ್ರಾಕೋವ್ ಎಂದರೆ ಸಂತ ಎರಡನೇ ಜಾನ್ ಪೌಲರು ಮಹಾಧರ್ಮಾಧ್ಯಕ್ಷರಾಗಿದ್ದ ಊರು. ಅಲ್ಲಿ ಹರಿಯುವ ವಿಸ್ತುಲಾ ನದಿ ಬಾಲ್ಟಿಕ್ ಸೇರುತ್ತದೆ. ಸೃಷ್ಟಿಯ ಒಂದು ಕಡೆ ಕೈಹಾಕುವಾಗ ಉಳಿದ ಕಡೆಯ ಪರಿಣಾಮವನ್ನೂ ಮುಂದಿನ ಪೀಳಿಗೆಯ ಹಿತವನ್ನೂ ಕಾಣಬೇಕೆಂದು ಅವರು 1990ರ ಶಾಂತಿ ದಿನದ ಸಂದೇಶದಲ್ಲಿ ಎಚ್ಚರಿಸಿದ್ದರು.

ಪ್ರಿಯ ಓದುಗರೇ, ನಮ್ಮ ಅರಬ್ಬಿ ಸಮುದ್ರ ಬಾಲ್ಟಿಕ್‌ನಂತೆ ಮುಚ್ಚಿಕೊಂಡದ್ದಲ್ಲ. ಆದರೂ ಕಾಸರಗೋಡಿನ ಅಡಿಕೆ ತೋಟದ ನೀರು ಚಂದ್ರಗಿರಿ ಹೊಳೆ ಸೇರಿ ಕಡಲಿಗೇ ಹೋಗುತ್ತದೆ. ಜಡಿಮಳೆಯ ಮುನ್ನಾದಿನ ಗೊಬ್ಬರ ಹಾಕದಿರೋಣ. ಹಟ್ಟಿಯ ನೀರನ್ನು ತೋಡಿಗೆ ಬಿಡದಿರೋಣ. ಪ್ರಾಯಶ್ಚಿತ್ತ ದೀರ್ಘವೆಂದು ಬಾಲ್ಟಿಕ್ ಹೇಳುತ್ತಿದೆ. ಆದ್ದರಿಂದಲೇ ಇಂದೇ ಆರಂಭಿಸೋಣ.