ಹಳೆಯ ಮೋಟಾರಿಗೆ ಹೊಸ ಬ್ಯಾಟರಿ

ಹಿರಿಯರು ಬಿಟ್ಟುಹೋದ ವಸ್ತುಗಳಲ್ಲಿ ಕೆಲವು ಪೆಟ್ಟಿಗೆಯಲ್ಲಿ ಭದ್ರವಾಗಿ ಮಲಗಿರುತ್ತವೆ. ಕೆಲವು ಗೋಡೆಯ ಮೇಲೆ ತೂಗಾಡುತ್ತಿರುತ್ತವೆ. ಒಂದೆರಡು ಮಾತ್ರ ನಿತ್ಯವೂ ಉಪಚಾರವನ್ನು ಬೇಡುತ್ತವೆ. ಹಳೆಯ ಮೋಟಾರು ಈ ಮೂರನೆಯ ಜಾತಿಗೆ ಸೇರಿದ್ದು. ಹಗೇವಿನ ಜೋಳದಂತೆ ಅದನ್ನು ಮುಚ್ಚಿಟ್ಟು, ಬೇಕಾದಾಗ ತೆರೆದು ನೋಡುವೆವೆಂದರೆ ನಡೆಯದು. ಅದರಲ್ಲಿಯೂ ಮೊದಲು ಪ್ರಾಣ ಬಿಡುವ ಅವಯವವೆಂದರೆ ಬ್ಯಾಟರಿ. ಸತ್ತ ಬ್ಯಾಟರಿಯ ಸ್ಥಾನದಲ್ಲಿ ಎಂಥದನ್ನು ಇಡಬೇಕೆಂಬದು ಸಣ್ಣ ಪ್ರಶ್ನೆಯಂತೆ ತೋರಿದರೂ, ನಮಗೆ ಪರಿಚಿತವಾದ ಒಂದು ಮನೆಯಲ್ಲಿ ಅದು ದೊಡ್ಡ ವಾದಕ್ಕೆ ಕಾರಣವಾಯಿತು. ಒಂದು ಗಳಿಗೆ ಪ್ರಾಣಭಯವನ್ನೂ ತಂದಿತು. ಆ ತಪ್ಪಿನಲ್ಲಿ ನಮ್ಮ ಪಾಲೂ ಇದ್ದುದರಿಂದ, ವಾಚಕರಿಗೆ ಅದನ್ನು ತಿಳಿಸುವದು ಯೋಗ್ಯವೆಂದು ಭಾವಿಸಿದ್ದೇವೆ.

ಗದಗ-ಬೆಟಗೇರಿಯಲ್ಲಿರುವ ನಮ್ಮ ಬಾಲ್ಯಮಿತ್ರರ ಮನೆಯಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಎರಡು ಬಾಗಿಲಿನ ಮೋಟಾರು ಉಂಟು. ಇಂಗ್ಲಂಡದ ಟ್ರಯಂಫ್ ಹೆರಾಲ್ಡ್ ಎಂಬ ಬಂಡಿಯನ್ನು ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿಯವರು ೧೯೬೧ರಿಂದ ಈ ಹೆಸರಿನಿಂದ ನಮ್ಮ ದೇಶದಲ್ಲಿ ತಯಾರಿಸಿದರು. ೧೯೬೨ರಲ್ಲಿ ಇಂಗ್ಲಂಡದಲ್ಲಿ ಹೊರಬಿದ್ದ ಸ್ಪಿಟ್‌ಫೈರ್ ಎಂಬ ಪ್ರಸಿದ್ಧ ಸ್ಪೋರ್ಟ್ಸ್ ಮೋಟಾರು ಇದೇ ಹೆರಾಲ್ಡಿನ ಚೌಕಟ್ಟನ್ನು ಮೊಟಕುಗೊಳಿಸಿ ಕಟ್ಟಿದುದು. ಎರಡಕ್ಕೂ ರೂಪವನ್ನು ಕಲ್ಪಿಸಿದವನು ಮಿಕೆಲೊಟ್ಟಿ ಎಂಬ ಇಟಲಿಯ ಶಿಲ್ಪಿಯೇ. ಆದುದರಿಂದ ನಮ್ಮ ಮಿತ್ರರ ಬಂಡಿಯನ್ನು ಆ ಓಟದ ಬಂಡಿಯ ಒಡಹುಟ್ಟು ಎನ್ನಲು ಅಡ್ಡಿಯಿಲ್ಲ. ಅದರ ಬಾನೆಟ್ಟು ಉಳಿದವುಗಳಂತೆ ಹಿಂದಿನಿಂದ ಕೀಲುಗೊಂಡಿರದೆ, ಮಡ್‌ಗಾರ್ಡುಗಳ ಸಮೇತ ಇಡಿಯಾಗಿ ಮುಂದಕ್ಕೆ ಮಗುಚಿಕೊಳ್ಳುವದು. ಬ್ಯಾಟರಿಯ ಸ್ಥಾನ ಎಂಜಿನದ ಹಿಂದೆ, ಅಡ್ಡ ತಗಡಿನ ಬಳಿ. ಈ ವಿಷಯವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರಿಂದಲೇ ಅನರ್ಥವಾಯಿತು.

ಈ ಬಂಡಿಯನ್ನು ಕೊಂಡವರು ಮಿತ್ರರ ತಂದೆಯವರು. ಅವರು ವೈದ್ಯರು. ಡಂಬಳದ ಮೇಲೆ ಹಾಯ್ದು ಮುಂಡರಗಿಯ ಕಡೆಗೂ, ಮುಳಗುಂದದ ಮೇಲೆ ಹಾಯ್ದು ಲಕ್ಷ್ಮೇಶ್ವರ ಶಿರಹಟ್ಟಿಗಳ ಕಡೆಗೂ ಅಪರಾತ್ರಿಯಲ್ಲಿ ರೋಗಿಗಳ ಕರೆ ಬಂದಾಗ ಇದರಲ್ಲಿಯೇ ಹೋಗುತ್ತಿದ್ದರು. ಅವರು ಕೀರ್ತಿಶೇಷರಾಗಿ ಬಹುಕಾಲವಾಯಿತು. ಬಂಡಿಯು ಮಾತ್ರ ಕಳೆದ ಮೂರು ವರುಷಗಳಲ್ಲಿ ಮೂರು ಬ್ಯಾಟರಿಗಳನ್ನು ನುಂಗಿತು. ಮೊಮ್ಮಕ್ಕಳು ಬೇಸತ್ತು ಗುಜರಿಯವನನ್ನು ಕರೆಸಲು ನಿಶ್ಚಯಿಸಿದರು. ಎಂಬತ್ತು ದಾಟಿದ ಅಜ್ಜಿ ಮಾತ್ರ ಒಪ್ಪಲಿಲ್ಲ. “ಅವರು ಇದ್ದಾಗ ಇದು ಒಂದು ರಾತ್ರಿನೂ ದಾರ್ಯಾಗ ನಿಂತಿದ್ದಿಲ್ಲ. ಈಗ ನಿಂತರ ತಪ್ಪು ಇದರದಲ್ಲಪಾ, ನಿಮ್ಮದು” ಎಂದು ಕಡ್ಡಿ ಮುರಿದಂತೆ ಹೇಳಿದರು.

ಮಾಸ್ತರರೆಂಬ ಗೌರವದಿಂದ ನಮ್ಮನ್ನು ಸಲಹೆ ಕೇಳಿದರು. ವ್ಯಾಕರಣ ಕಾವ್ಯಗಳಲ್ಲಿ ಆಯುಷ್ಯ ಕಳೆದ ನಮಗೆ ಸೀಸದ ತಟ್ಟೆಗಳ ಸಂಗತಿ ಏನು ಗೊತ್ತು? ಆದರೂ ಗೊತ್ತಿಲ್ಲವೆನ್ನಲು ನಾಲಿಗೆ ಏಳಲಿಲ್ಲ. ಅಂಗಡಿಯೊಂದಕ್ಕೆ ಜತೆಯಾಗಿ ಹೋದೆವು. ಅಂಗಡಿಕಾರನು ಮೂರು ಬಗೆಯವನ್ನು ತೋರಿಸಿದಾಗ, ದೊಡ್ಡದರಲ್ಲಿ ಶಕ್ತಿ ಹೆಚ್ಚು, ಶಕ್ತಿ ಹೆಚ್ಚಾದರೆ ಬಾಳಿಕೆ ಹೆಚ್ಚು ಎಂದು ತರ್ಕಿಸಿ ದೊಡ್ಡದನ್ನೇ ಕೊಡಿಸಿದೆವು. ಲಕ್ಷ್ಮೇಶ್ವರದಲ್ಲಿ ಒಂದು ನಿಶ್ಚಿತಾರ್ಥಕ್ಕೆ ಹೊರಟು, ಊರನ್ನು ಸಮೀಪಿಸಿದಾಗ ಬಂಡಿಯು ಒಂದು ತಗ್ಗಿನಲ್ಲಿ ಜಿಗಿಯಿತು. ಒಡನೆಯೇ ‘ಚಟ್’ ಎಂಬ ಸದ್ದು, ಸುಟ್ಟ ರಬ್ಬರಿನ ನಾತ, ಬಾನೆಟ್ಟಿನ ಸಂದಿಯಿಂದ ಹೊಗೆ. ಎತ್ತರದ ಬ್ಯಾಟರಿಯ ಟರ್ಮಿನಲ್ಲು ಬಾನೆಟ್ಟಿನ ತಗಡಿಗೆ ತಾಕಿತ್ತು. ಹಿಂದೆ ಇಬ್ಬರು ಮಕ್ಕಳು ಕುಳಿತಿದ್ದರು. ಅವರನ್ನು ಇಳಿಸಿ, ಬಾನೆಟ್ಟು ಎತ್ತಿ, ಮಿತ್ರರ ಮಗನು ಅಂಗವಸ್ತ್ರವನ್ನು ಕೈಗೆ ಸುತ್ತಿಕೊಂಡು ತಂತಿಯನ್ನು ಕಿತ್ತನು. ದೈವಕೃಪೆಯಿಂದ ಬಣ್ಣ ಸುಟ್ಟದ್ದರ ಹೊರತು ಬೇರೆ ಹಾನಿಯಾಗಲಿಲ್ಲ. ನಮ್ಮ ತರ್ಕದ ಬೆಲೆ ನಮಗೆ ಅಂದು ಗೊತ್ತಾಯಿತು.

ಬಂಡಿಯನ್ನು ಲಕ್ಷ್ಮೇಶ್ವರದ ಒಂದು ಗ್ಯಾರೇಜಿಗೆ ನೂಕಿಸಿಕೊಂಡು ಹೋದೆವು. ಅಲ್ಲಿಯ ವೃದ್ಧ ಮಿಸ್ತ್ರಿಯು ನಮ್ಮ ಕಥೆಯನ್ನೆಲ್ಲ ಕೇಳಿ, “ಮಾಸ್ತರ್ರ, ಹೊಸಾ ಬ್ಯಾಟರಿ ಹಾಕೂದು ದೊಡ್ಡ ಮಾತಲ್ಲ. ಹಳೇದು ಯಾಕ ಸತ್ತಿತು ಅನ್ನೂದು ಮೊದಲ ನೋಡ್ರಿ” ಎಂದರು. ಈ ಒಂದು ವಾಕ್ಯವು ಸೂತ್ರಪ್ರಾಯವಾದುದು. ಮುಂದಿನದೆಲ್ಲ ಅದರ ಭಾಷ್ಯವೆಂದು ತಿಳಿಯಬಹುದು.

ಮೊದಲು ಬ್ಯಾಟರಿಯ ಸ್ವರೂಪ. ೧೮೦೦ರಲ್ಲಿ ಇಟಲಿಯ ವೋಲ್ಟಾ ಎಂಬವನು ಲೋಹದ ಬಿಲ್ಲೆಗಳಿಂದ ವಿದ್ಯುತ್ತನ್ನು ಪಡೆದನು. ಆದರೆ ಖರ್ಚಾದ ಮೇಲೆ ಮತ್ತೆ ತುಂಬಬಹುದಾದ ಸೀಸದ ಬ್ಯಾಟರಿಯನ್ನು ೧೮೫೯ರಲ್ಲಿ ಕಂಡುಹಿಡಿದವನು ಫ್ರಾನ್ಸದ ಪ್ಲಾಂಟೆ. ಸೀಸದ ತಟ್ಟೆಗಳೂ ನೀರು ಬೆರೆಸಿದ ಗಂಧಕಾಮ್ಲವೂ ಕೂಡಿ ಒಂದು ಕೋಣೆಯಾಗುವದು. ಒಂದು ಕೋಣೆಗೆ ಸುಮಾರು ೨ ವೋಲ್ಟು. ಇಂಥ ಆರು ಸೇರಿದರೆ ೧೨. ವಿದ್ಯುತ್ತು ಖರ್ಚಾದಂತೆ ಆಮ್ಲದ ಗಂಧಕವು ತಟ್ಟೆಗಳಿಗೆ ಅಂಟಿಕೊಳ್ಳುವದು. ಡೈನಮೋ ತಿರುಗಿ ಮರಳಿ ತುಂಬಿದಾಗ ಅದು ಬಿಟ್ಟುಕೊಂಡು ಆಮ್ಲಕ್ಕೆ ಸೇರುವದು. ಬಂಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಿದರೆ ಈ ಅಂಟು ಹರಳುಗಟ್ಟಿ ಗಡಸಾಗಿ ಮತ್ತೆ ಕರಗದು. ಮೊದಮೊದಲು ಮೋಟಾರುಗಳನ್ನು ಹ್ಯಾಂಡಲಿನಿಂದ ತಿರುಗಿಸಿಯೇ ಹೊರಡಿಸುತ್ತಿದ್ದರು. ೧೯೧೨ರಲ್ಲಿ ಅಮೇರಿಕೆಯ ಕ್ಯಾಡಿಲಾಕ್ ಬಂಡಿಗೆ ವಿದ್ಯುತ್ತಿನ ಸೆಲ್ಫ್ ಬಂದಮೇಲೆ ಬ್ಯಾಟರಿಯಿಲ್ಲದೆ ಮೋಟಾರಿಲ್ಲವೆಂಬ ಸ್ಥಿತಿಯುಂಟಾಯಿತು.

ಇನ್ನು ನಮ್ಮ ಹೆರಾಲ್ಡಿನ ಬ್ಯಾಟರಿಗಳು ಸತ್ತ ಕಾರಣ. ಮಿಸ್ತ್ರಿಯು ಮೀಟರನ್ನು ಹಚ್ಚಿ, ಎಂಜಿನವನ್ನು ವೇಗವಾಗಿ ಓಡಿಸಿ ನೋಡಿದರು. ಸರಿಯಾಗಿದ್ದರೆ ೧೪ರ ಆಸುಪಾಸಿನಲ್ಲಿ ನಿಲ್ಲಬೇಕಾದ ಮುಳ್ಳು ಹದಿನಾರನ್ನು ಮುಟ್ಟುತ್ತಿತ್ತು. ಡೈನಮೋದ ಹರಿವನ್ನು ಹತೋಟಿಯಲ್ಲಿಡುವ ಕಟೌಟ್ ಪೆಟ್ಟಿಗೆಯು ಕೆಟ್ಟಿತ್ತು. ಬ್ಯಾಟರಿಯು ಒಳಗೇ ಕುದಿಯುತ್ತಿತ್ತು. ಕುದಿದು ನೀರು ಇಂಗಿದಂತೆ ಮನೆಯವರು ಕೊಳವೆಬಾವಿಯ ನೀರನ್ನು ಸುರಿದಿದ್ದರು. ನಮ್ಮ ಸೀಮೆಯ ಅಂತರ್ಜಲವು ಎಂಥದೆಂಬದು ವಾಚಕರಿಗೆ ಗೊತ್ತು. ಮುಂಡರಗಿಯ ಕಡೆಗೆ ಫ್ಲೋರೈಡಿನ ಬಾಧೆಯೇ ಉಂಟು. ಹಂಡೆಯ ತಳದಲ್ಲಿ ಬಿಳಿಯ ಚಕ್ಕೆ ಕಟ್ಟುವ ಆ ನೀರಿನ ಲವಣಗಳು ತಟ್ಟೆಗಳನ್ನು ಕೆಡಿಸುವವು. ಮೂರನೆಯದಾಗಿ, ಬಂಡಿಯ ಮೈಗೆ ಕಟ್ಟಿದ ಅರ್ಥಿಂಗ್ ಪಟ್ಟಿಯು ಕಿಲುಬು ಹಿಡಿದಿತ್ತು. ಸಾರಾಂಶ, ಕೊಂದವರು ಬೇರೆಯವರು. ದೂರು ಬ್ಯಾಟರಿಯ ಮೇಲೆ.

ಸಂಸ್ಕೃತದಲ್ಲಿ ಸ್ಥಾಲೀಪುಲಾಕ ನ್ಯಾಯವೆಂಬದೊಂದುಂಟು. ಒಂದು ಅಗುಳನ್ನು ಹಿಚುಕಿ ಪಾತ್ರೆಯ ಅನ್ನವೆಲ್ಲ ಬೆಂದಿದೆಯೆಂದು ತಿಳಿಯುವದು. ಬ್ಯಾಟರಿಯಲ್ಲಿ ಈ ನ್ಯಾಯವು ಸಲ್ಲದು. ಆರು ಕೋಣೆಗಳಲ್ಲಿ ಐದು ನೆಟ್ಟಗಿದ್ದು ಒಂದು ಸತ್ತರೂ ಸೆಲ್ಫ್ ಹೊಡೆಯದು. ಆದಕಾರಣ ಮುಚ್ಚಳ ತೆರೆಯುವ ಬ್ಯಾಟರಿಯಾದರೆ ಹೈಡ್ರೋಮೀಟರಿನಿಂದ ಆರನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ತುಂಬಿದ ಕೋಣೆಯ ಆಮ್ಲವು ೧.೨೪ ರಿಂದ ೧.೨೮ರವರೆಗೆ ತೋರಿಸುವದು. ಉಳಿದವುಗಳಿಗಿಂತ ಒಂದು ಕೋಣೆಯು ೦.೦೫ರಷ್ಟು ಕೆಳಗಿದ್ದರೆ ಅದರ ಆಸೆ ಬಿಡತಕ್ಕದ್ದು. ಬಂಡಿ ನಿಂತು ಕೆಲವು ತಾಸುಗಳಾದ ಮೇಲೆ ಒಟ್ಟು ೧೨.೬ ವೋಲ್ಟು ಇದ್ದರೆ ಪೂರ್ಣ, ೧೨.೨ ಎಂದರೆ ಅರ್ಧ. ೧೨ಕ್ಕಿಂತ ಕೆಳಗಿಳಿದರೆ ಬರಿದಾದಂತೆಯೇ.

ಇಷ್ಟನ್ನು ಸರಿಪಡಿಸಿದ ತರುವಾಯವೇ ಆಯ್ಕೆಯ ಪ್ರಶ್ನೆ. ನಾವು ಕಲಿತ ಪಾಠವನ್ನು ಕ್ರಮವಾಗಿ ಹೇಳುವೆವು.

ಮೊದಲನೆಯದು ವೋಲ್ಟು. ಹಳೆಯ ವಾಹನವೆಲ್ಲ ೧೨ ವೋಲ್ಟಿನದೆಂದು ಭ್ರಮಿಸಬಾರದು. ಮೈಸೂರಿನಲ್ಲಿ ತಯಾರಾದ ಜಾವಾ ಮೋಟಾರ್‌ಸೈಕಲ್ಲುಗಳಿಗೆ ೬ ವೋಲ್ಟಿನ ಬ್ಯಾಟರಿ. ಎಂಜಿಬಿ ಎಂಬ ಇಂಗ್ಲಿಷ್ ಸ್ಪೋರ್ಟ್ಸ್ ಮೋಟಾರಿನಲ್ಲಿ ೧೯೭೪ರವರೆಗೆ ಆಸನಗಳ ಹಿಂದೆ ೬ ವೋಲ್ಟಿನ ಎರಡು ಬ್ಯಾಟರಿಗಳನ್ನು ಜೋಡಿಸಿಡುತ್ತಿದ್ದರು.

ಎರಡನೆಯದು ಅರ್ಥಿಂಗು. ಇಂದಿನ ಬಂಡಿಗಳಲ್ಲಿ ಋಣಾಗ್ರವು ಮೈಗೆ ಸೇರಿರುವದು. ಹಿಂದಿನ ಇಂಗ್ಲಿಷ್ ಬಂಡಿಗಳಲ್ಲಿ ಬಹಳಷ್ಟಕ್ಕೆ ಧನಾಗ್ರವೇ ಮೈಗೆ ಸೇರಿತ್ತು. ಎಂಜಿಬಿಯಲ್ಲಿ ಈ ಪದ್ಧತಿಯು ೧೯೬೭ರವರೆಗೂ ನಡೆಯಿತು. ನಡುವೆ ಯಾರಾದರೂ ಬದಲಿಸಿರಲೂಬಹುದು. ಆದುದರಿಂದ ಹಳೆಯದನ್ನು ಬಿಚ್ಚುವ ಮೊದಲೇ ಯಾವ ಅಗ್ರವು ಮೈಗೆ ಸೇರಿದೆಯೆಂದು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ತಿರುವುಮುರುವಾದರೆ ರೇಡಿಯೋ ಮೊದಲಾದವು ಕ್ಷಣಾರ್ಧದಲ್ಲಿ ಕೆಡುವವು.

ಮೂರನೆಯದು ಅಳತೆ. ಉದ್ದ, ಅಗಲ, ಎತ್ತರ ಮೂರನ್ನೂ ಅಳೆದುಕೊಂಡೇ ಅಂಗಡಿಗೆ ಹೋಗಬೇಕು. ಟರ್ಮಿನಲ್ಲಿನ ತುದಿಗೂ ಬಾನೆಟ್ಟಿಗೂ ಎರಡು ಬೆರಳಾದರೂ ಅಂತರವಿರಲಿ. ಅದರ ಮೇಲೆ ರಬ್ಬರಿನ ಟೊಪ್ಪಿಗೆಯಿರಲಿ. ಧನಾಗ್ರವು ಎಡಕ್ಕೋ ಬಲಕ್ಕೋ ಎಂಬದನ್ನೂ ನೋಡಬೇಕು. ಇಲ್ಲವಾದರೆ ತಂತಿಯು ಸಾಲದೆ ಬರುವದು. ಟರ್ಮಿನಲ್ಲುಗಳಲ್ಲಿಯೂ ದಪ್ಪ, ತೆಳುವೆಂಬ ಭೇದವುಂಟು. ತೆಳುವಾದುದಕ್ಕೆ ಹಳೆಯ ದಪ್ಪ ಕ್ಲ್ಯಾಂಪನ್ನು ತಗಡಿನ ಚೂರು ತುರುಕಿ ಬಿಗಿದರೆ ಅದು ನಾಲ್ಕು ದಿನವೂ ನಿಲ್ಲದು. ಬ್ಯಾಟರಿಯನ್ನು ತಟ್ಟೆಗೆ ಬಿಗಿಯುವ ಪಟ್ಟಿಯಂತೂ ಇರಲೇಬೇಕು.

ನಾಲ್ಕನೆಯದು ಶಕ್ತಿ. ಹೆರಾಲ್ಡಿನ ಎಂಜಿನವು ೯೪೮ ಘನ ಸೆಂಟಿಮೀಟರಿನದು. ಇಂಥ ಸಣ್ಣ ಪೆಟ್ರೋಲು ಎಂಜಿನಕ್ಕೆ ೩೫ ರಿಂದ ೪೫ ಆಂಪಿಯರ್-ಅವರಿನ ಬ್ಯಾಟರಿ ಧಾರಾಳವಾಗಿ ಸಾಕು. ಹಳೆಯ ಡೈನಮೋ ಕೊಡುವದೇ ಸುಮಾರು ೨೦ ಆಂಪಿಯರು. ಅದೂ ಎಂಜಿನವು ನಿಧಾನವಾಗಿ ಓಡುವಾಗ ಬಹುತೇಕ ಏನೂ ಇಲ್ಲ. ಸಣ್ಣ ಬುಗ್ಗೆಯಿಂದ ದೊಡ್ಡ ಕೆರೆಯನ್ನು ತುಂಬಿಸಲು ಹೊರಟಂತೆ, ಅತಿ ದೊಡ್ಡ ಬ್ಯಾಟರಿಯು ಎಂದೂ ಪೂರ್ತಿ ತುಂಬದೆ ಹರಳುಗಟ್ಟುವದು. ಮನೆಯ ಇನ್ವರ್ಟರಿನ ಬ್ಯಾಟರಿಯನ್ನೂ ಇಲ್ಲಿ ಹಾಕಬಾರದು. ಅದು ಬಹುಹೊತ್ತು ಸಾವಕಾಶವಾಗಿ ಕೊಡತಕ್ಕದ್ದು. ಸೆಲ್ಫಿಗೆ ಬೇಕಾದುದು ಕ್ಷಣಮಾತ್ರದ ಭಾರಿ ಪ್ರವಾಹ.

ಐದನೆಯದು ಜಾತಿ. ನೀರು ಹಾಕುವ ಸಾದಾ ಬ್ಯಾಟರಿಯು ಅಗ್ಗವಾದುದು, ಕಟೌಟಿನ ಸಣ್ಣ ಪುಟ್ಟ ತಪ್ಪುಗಳನ್ನು ಸಹಿಸುವದು. ಆದರೆ ಅದರ ಆಮ್ಲದ ಆವಿಯು ಸುತ್ತಲಿನ ತಗಡನ್ನು ತಿನ್ನುವದು. ಎಜಿಎಮ್ ಎಂಬ ಮೊಹರು ಮಾಡಿದ ಬ್ಯಾಟರಿಯಲ್ಲಿ ಆಮ್ಲವು ಗಾಜಿನ ನೂಲಿನ ಹಾಸಿನಲ್ಲಿ ಹೀರಿಕೊಂಡಿರುವದರಿಂದ ಚೆಲ್ಲುವ ಭಯವಿಲ್ಲ. ಆಸನದ ಹಿಂದೆ, ಡಿಕ್ಕಿಯ ಒಳಗೆ ಬ್ಯಾಟರಿಯಿರುವ ಬಂಡಿಗಳಿಗೆ ಇದು ಒಳಿತು. ಆದರೆ ಇದಕ್ಕೆ ಬೆಲೆ ಹೆಚ್ಚು. ಅಲ್ಲದೆ ಅತಿಯಾಗಿ ತುಂಬಿ ನೀರು ಆರಿದರೆ ಮರಳಿ ಹಾಕಲು ದಾರಿಯಿಲ್ಲ. ಕಟೌಟನ್ನು ಪರೀಕ್ಷಿಸದೆ ಇದನ್ನು ಕೊಳ್ಳುವದು ಹಣವನ್ನು ಹೊಳೆಗೆ ಹಾಕಿದಂತೆ.

ಕೊನೆಯದು ತಯಾರಾದ ತಾರೀಖು. ಅಂಗಡಿಯಲ್ಲಿ ಕುಳಿತ ಬ್ಯಾಟರಿಗೂ ವಯಸ್ಸಾಗುವದು. ನಮ್ಮ ಬೇಸಿಗೆಯಲ್ಲಿ ಇನ್ನೂ ಬೇಗ. ಮೂರು ತಿಂಗಳಿನೊಳಗಿನದನ್ನೇ ಆರಿಸಿ, ಎದುರಿಗೇ ವೋಲ್ಟನ್ನು ಅಳೆಯಿಸಿ, ಗ್ಯಾರಂಟಿಯ ಚೀಟಿಯಲ್ಲಿ ತಾರೀಖು ಬರೆಯಿಸಿಕೊಳ್ಳಬೇಕು.

ಕೂಡ್ರಿಸುವಾಗ ಉಂಗುರ, ಕೈಗಡಿಯಾರಗಳನ್ನು ತೆಗೆದಿಡುವದು ಮುಖ್ಯ. ಬಿಚ್ಚುವಾಗ ಮೈಗೆ ಸೇರಿದ ಅಗ್ರವನ್ನು ಮೊದಲು, ಕಟ್ಟುವಾಗ ಅದನ್ನು ಕಡೆಗೆ ಮುಟ್ಟಬೇಕು. ಹೀಗೆ ಮಾಡಿದರೆ ಪಾನೆಯು ತಗಡಿಗೆ ತಾಕಿದರೂ ಕಿಡಿ ಹಾರದು. ತುಂಬುತ್ತಿರುವ ಬ್ಯಾಟರಿಯಿಂದ ಜಲಜನಕವಾಯು ಹೊರಬೀಳುವದರಿಂದ ಬೀಡಿ, ಕಡ್ಡಿಪೆಟ್ಟಿಗೆ ಹತ್ತಿರ ಸುಳಿಯಬಾರದು. ಮಕ್ಕಳನ್ನಂತೂ ದೂರವಿಡಬೇಕು, ಆಮ್ಲವು ಕಣ್ಣಿಗೆ ಸಿಡಿದರೆ ಧಾರಾಳವಾಗಿ ನೀರಿನಿಂದ ತೊಳೆಯುತ್ತ ವೈದ್ಯರನ್ನು ಕಾಣಬೇಕು. ಇಂಗುವದು ನೀರೇ ಹೊರತು ಆಮ್ಲವಲ್ಲ. ಆದುದರಿಂದ ಭಟ್ಟಿ ಇಳಿಸಿದ ಬ್ಯಾಟರಿ ನೀರನ್ನೇ ಹಾಕಬೇಕು, ಆಮ್ಲವನ್ನೆಂದಿಗೂ ಹಾಕಬಾರದು. ಹದಿನೈದು ದಿನಕ್ಕೊಮ್ಮೆಯಾದರೂ ಬಂಡಿಯನ್ನು ಅರ್ಧ ತಾಸು ಓಡಿಸಬೇಕು. ಅದಾಗದಿದ್ದರೆ ಅರ್ಥಿಂಗ್ ತಂತಿಯನ್ನು ಬಿಚ್ಚಿಟ್ಟು, ತಿಂಗಳಿಗೊಮ್ಮೆ ಚಾರ್ಜು ಮಾಡಿಸಬೇಕು.

ಸತ್ತ ಬ್ಯಾಟರಿಯನ್ನು ಹಿತ್ತಲಲ್ಲಿ ಎಸೆಯುವದು ಮಹಾಪರಾಧ. ಸೀಸವು ಮಕ್ಕಳ ಮಿದುಳನ್ನು ಕೆಡಿಸುವ ವಿಷ. ೨೦೨೨ರ ಸರಕಾರದ ನಿಯಮಗಳ ಪ್ರಕಾರ ತಯಾರಕರು ಅದರ ಮರುಸಂಸ್ಕಾರಕ್ಕೆ ಹೊಣೆಗಾರರು. ಅಂಗಡಿಗೇ ಮರಳಿ ಕೊಟ್ಟರೆ ಹೊಸದರ ಬೆಲೆಯಲ್ಲಿ ಅಷ್ಟಿಷ್ಟು ಇಳಿಯುವದು.

ಮಿಸ್ತ್ರಿಯು ಕಟೌಟನ್ನು ತಿದ್ದಿ, ಅರ್ಥಿಂಗ್ ಪಟ್ಟಿಯನ್ನು ಬದಲಿಸಿ, ಅಳತೆಗೆ ಸರಿಯಾದ ಸಾದಾ ಬ್ಯಾಟರಿಯನ್ನು ಕೂಡ್ರಿಸಿದರು. ನಾವು ಕೊಡಿಸಿದ ದೊಡ್ಡದಕ್ಕಿಂತ ಅದರ ಬೆಲೆ ಕಡಿಮೆಯೇ. ಅಂದಿನಿಂದ ಒಂದು ಬೇಸಿಗೆ, ಒಂದು ಮಳೆಗಾಲ ಕಳೆದವು. ಬಂಡಿಯು ಒಮ್ಮೆಯೂ ನಿಂತಿಲ್ಲ. ಕಾರ್ತಿಕಮಾಸದಲ್ಲಿ ಅಜ್ಜಿಯನ್ನು ಅದರಲ್ಲಿಯೇ ಕೂಡ್ರಿಸಿಕೊಂಡು ವೀರನಾರಾಯಣನ ಗುಡಿಗೆ ಹೋದೆವು. ಸೆಲ್ಫ್ ಒಂದೇ ಏಟಿಗೆ ಹೊಡೆದಾಗ ಅವರು ನಮ್ಮೆಲ್ಲರ ಕಡೆಗೂ ಒಮ್ಮೆ ತಿರುಗಿ ನೋಡಿದರು, ಏನೂ ಅನ್ನಲಿಲ್ಲ. ಅನ್ನುವ ಕಾರಣವೂ ಇರಲಿಲ್ಲ, ತಪ್ಪು ಯಾರದೆಂಬದನ್ನು ಅವರು ಮೊದಲೇ ಹೇಳಿದ್ದರು.