ವಿಹಾರನೌಕೆಗಳಲ್ಲಿ ರಾತ್ರಿಯ ಶಿಶುಪಾಲನೆ: ಅದರ ಬೆಲೆ ಮತ್ತು ಅದನ್ನು ತೆರುವವರು

ಕ್ರೂಸ್ ಎಂದು ಜನರು ಕರೆಯುವ ವಿಹಾರನೌಕಾಯಾನವು ಈಗ ಕೇವಲ ಸಿರಿವಂತ ವೃದ್ಧರ ವಿಲಾಸವಾಗಿ ಉಳಿದಿಲ್ಲ. ಎಳೆಯ ಮಕ್ಕಳುಳ್ಳ ಮಧ್ಯಮವರ್ಗದ ಕುಟುಂಬಗಳೂ ರಜೆಯ ದಿನಗಳನ್ನು ಹಡಗಿನಲ್ಲಿ ಕಳೆಯುವ ರೂಢಿ ಹಬ್ಬುತ್ತಿದೆ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲಸಿರುವ ನಮ್ಮವರಲ್ಲಿಯೂ ಸಿಂಗಪುರದವರೆಗೆ ವಿಮಾನದಲ್ಲಿ ಹೋಗಿ ಅಲ್ಲಿ ಹಡಗನ್ನು ಹತ್ತುವವರುಂಟು. 2021ರ ಸೆಪ್ಟೆಂಬರಿನಲ್ಲಿ ಕಾರ್ಡೇಲಿಯಾ ಸಂಸ್ಥೆಯ ನೌಕೆ ಮುಂಬಯಿಯಿಂದಲೇ ಯಾನವನ್ನು ಆರಂಭಿಸಿದ ಮೇಲೆ ಈ ವಿಹಾರ ನಮ್ಮ ಮನೆಬಾಗಿಲಿಗೇ ಬಂದಂತಾಯಿತು. ಇಂತಹ ಪ್ರವಾಸಕ್ಕೆ ಹೊರಡುವವರು ಟಿಕೆಟ್ಟಿನ ಹಣ, ಬಂದರಿನ ತೆರಿಗೆ, ಭಕ್ಷೀಸು ಮುಂತಾದವುಗಳನ್ನೆಲ್ಲ ಲೆಕ್ಕ ಹಾಕುತ್ತಾರೆ. ಆದರೆ ಒಂದು ಬಾಬು ಸಾಮಾನ್ಯವಾಗಿ ಲೆಕ್ಕದಿಂದ ತಪ್ಪಿಹೋಗುತ್ತದೆ. ರಾತ್ರಿ ಹತ್ತು ಗಂಟೆಯ ಮೇಲೆ ಮಗುವನ್ನು ನೋಡಿಕೊಳ್ಳುವವರು ಯಾರು? ಅದಕ್ಕೆ ತೆರಬೇಕಾದ ಬೆಲೆ ಎಷ್ಟು? ಆ ಬೆಲೆ ಹುಟ್ಟುವುದು ಹೇಗೆ? ಮೇಲುನೋಟಕ್ಕೆ ಕ್ಷುಲ್ಲಕವೆಂದು ತೋರುವ ಈ ಪ್ರಶ್ನೆಗಳು ಪಾಲನೆಯೆಂಬ ಶ್ರಮದ ಮೌಲ್ಯವನ್ನೇ ಕುರಿತವುಗಳಾದುದರಿಂದ ಅವುಗಳನ್ನು ಇಲ್ಲಿ ವಿವೇಚಿಸುವುದು ಅಪ್ರಸ್ತುತವಾಗಲಾರದು.

1. ರೂಢಿಯಲ್ಲಿರುವ ಕ್ರಮ

ರಾಯಲ್ ಕೆರಿಬಿಯನ್, ಕಾರ್ನಿವಲ್, ನಾರ್ವೇಜಿಯನ್ ಮೊದಲಾದ ಅಮೆರಿಕದ ದೊಡ್ಡ ನೌಕಾಸಂಸ್ಥೆಗಳ ಹಡಗುಗಳಲ್ಲಿ ಮಕ್ಕಳಿಗೆಂದೇ ವಿಹಾರಗೃಹಗಳಿವೆ. ವಯಸ್ಸಿಗೆ ತಕ್ಕಂತೆ ಮಕ್ಕಳನ್ನು ಗುಂಪುಗಳಾಗಿ ವಿಂಗಡಿಸಿ, ಆಟಪಾಟಗಳಲ್ಲಿ ತೊಡಗಿಸಲು ಸಿಬ್ಬಂದಿಯನ್ನು ನೇಮಿಸಿರುತ್ತಾರೆ. ಮೂರು ವರ್ಷ ತುಂಬಿದ ಮಕ್ಕಳಿಗೆ ಹಗಲಿನಲ್ಲಿಯೂ ಸಂಜೆಯಲ್ಲಿಯೂ ಈ ಸೌಕರ್ಯಕ್ಕೆ ಪ್ರತ್ಯೇಕ ಶುಲ್ಕವಿರುವುದಿಲ್ಲ. ರಾತ್ರಿ ಹತ್ತು ಅಥವಾ ಹತ್ತೂವರೆ ಗಂಟೆ ಹೊಡೆಯುತ್ತಲೇ ಕ್ರಮ ಬದಲಾಗುತ್ತದೆ. ಅಲ್ಲಿಂದ ಮುಂದೆ, ತಡರಾತ್ರಿಯವರೆಗೆ, ಗಂಟೆಯೊಂದಕ್ಕೆ ಮಗುವೊಂದಕ್ಕೆ ಇಷ್ಟು ಎಂದು ಹಣ ಕೊಡಬೇಕು.

ಈ ದರಗಳು ಆಗಾಗ ಏರುತ್ತಿರುತ್ತವೆ. 2010ರ ದಶಕದಲ್ಲಿ ಅವು ಸಾಮಾನ್ಯವಾಗಿ ಗಂಟೆಗೆ 6ರಿಂದ 7 ಡಾಲರುಗಳ ಆಸುಪಾಸಿನಲ್ಲಿದ್ದವು. ನಾರ್ವೇಜಿಯನ್ ಸಂಸ್ಥೆಯು ಮೊದಲ ಮಗುವಿಗೆ 6 ಡಾಲರ್ ವಿಧಿಸಿ, ಒಡಹುಟ್ಟಿದವರಿಗೆ 4 ಡಾಲರಿನಂತೆ ರಿಯಾಯಿತಿ ಕೊಡುತ್ತಿದ್ದಿತು. ಮೂರು ವರ್ಷದೊಳಗಿನ ಶಿಶುಗಳ ವಿಷಯ ಬೇರೆ. ಅವರಿಗೆ ಹಗಲಿನಲ್ಲಿಯೂ ಶುಲ್ಕವಿರುವುದು ವಾಡಿಕೆ. ಡಿಸ್ನಿ ಸಂಸ್ಥೆಯ ಹಡಗುಗಳ ಶಿಶುಗೃಹದಲ್ಲಿ ಬಹುಕಾಲ ಗಂಟೆಗೆ 9 ಡಾಲರ್, ಎರಡನೆಯ ಮಗುವಿಗೆ 8 ಡಾಲರ್ ಎಂಬ ದರವಿದ್ದಿತು. ಆದರೆ ಅದೇ ಸಂಸ್ಥೆ ದೊಡ್ಡ ಮಕ್ಕಳನ್ನು ನಡುರಾತ್ರಿಯ ಸುಮಾರಿನವರೆಗೂ ಶುಲ್ಕವಿಲ್ಲದೆಯೇ ನೋಡಿಕೊಳ್ಳುತ್ತಿದ್ದಿತು. ಇಂಗ್ಲೆಂಡಿನ ಪಿ. ಅಂಡ್ ಓ. ಸಂಸ್ಥೆಯ ಕುಟುಂಬನೌಕೆಗಳ ಪದ್ಧತಿ ಇನ್ನೂ ಭಿನ್ನ. ಅಲ್ಲಿ ಆರು ತಿಂಗಳಿನಿಂದ ನಾಲ್ಕು ವರ್ಷದವರೆಗಿನ ಮಕ್ಕಳನ್ನು ಸಾಲುತೊಟ್ಟಿಲುಗಳ ರಾತ್ರಿಯ ಶಿಶುಗೃಹದಲ್ಲಿ ಉಚಿತವಾಗಿ ಮಲಗಿಸಬಹುದು.

ಅಂಕಿಗಳನ್ನು ಒಮ್ಮೆ ಕೂಡಿಸಿ ನೋಡೋಣ. ಗಂಟೆಗೆ 6 ಡಾಲರಿನಂತೆ ಇಬ್ಬರು ಮಕ್ಕಳಿಗೆ ಮೂರು ಗಂಟೆಯ ಪಾಲನೆಗೆ ರಾತ್ರಿಗೆ 36 ಡಾಲರ್ ಆಗುತ್ತದೆ. ಏಳು ರಾತ್ರಿಗಳಿಗೆ 252 ಡಾಲರ್. ಡಾಲರಿಗೆ 80 ರೂಪಾಯಿಯೆಂದು ಹಿಡಿದರೂ ಇದು ಇಪ್ಪತ್ತು ಸಾವಿರ ರೂಪಾಯಿಗಳನ್ನು ಮೀರುತ್ತದೆ. ಟಿಕೆಟ್ಟನ್ನು ಕೊಳ್ಳುವಾಗ ಈ ಮೊತ್ತ ಎಲ್ಲಿಯೂ ಕಾಣಿಸುವುದಿಲ್ಲ.

2. ಹಗಲು ಉಚಿತವೇಕೆ?

ಹಗಲಿನ ಪಾಲನೆ ಉಚಿತವೆಂಬುದು ಮಾತಿನ ಮಟ್ಟಿಗೆ ಮಾತ್ರ ನಿಜ. ಅದರ ವೆಚ್ಚವು ಟಿಕೆಟ್ಟಿನ ಬೆಲೆಯಲ್ಲಿಯೇ ಅಡಗಿರುತ್ತದೆ; ಮಕ್ಕಳಿಲ್ಲದ ಪ್ರಯಾಣಿಕರೂ ಅದರ ಒಂದಂಶವನ್ನು ತೆರುತ್ತಾರೆ. ಇದಲ್ಲದೆ ಮತ್ತೊಂದು ಕಾರಣವುಂಟು. ನೌಕಾಸಂಸ್ಥೆಯ ಆದಾಯ ಟಿಕೆಟ್ಟಿನಿಂದಷ್ಟೇ ಬರುವುದಿಲ್ಲ. ಹಡಗನ್ನು ಹತ್ತಿದ ಮೇಲೆ ಪ್ರಯಾಣಿಕರು ಪಾನೀಯಗಳಿಗೆ, ಜೂಜಿಗೆ, ಅಂಗಡಿಗಳಿಗೆ, ದಡದ ಮೇಲಿನ ವಿಹಾರಕ್ಕೆ ವ್ಯಯಮಾಡುವ ಹಣವೂ ಅದರ ಮುಖ್ಯ ಆಧಾರ. ಕಾರ್ನಿವಲ್ ಸಮೂಹವು 2023ರಲ್ಲಿ ಗಳಿಸಿದ ಸುಮಾರು 2,160 ಕೋಟಿ ಡಾಲರುಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಟಿಕೆಟ್ಟಿನ ಹೊರಗಿನ ಈ ಬಾಬಿನಿಂದ ಬಂದಿದ್ದಿತು. ಮಗು ಮಡಿಲಿನಲ್ಲಿರುವ ತಾಯಿತಂದೆಗಳು ಇಂತಹ ವ್ಯಯವನ್ನು ಹೆಚ್ಚಾಗಿ ಮಾಡಲಾರರು. ಅವರ ಕೈಯನ್ನು ತೆರವು ಮಾಡಿಕೊಡುವುದು ವರ್ತಕನ ದೃಷ್ಟಿಯಿಂದ ಲಾಭದಾಯಕವೇ ಸರಿ.

ಹಾಗಿದ್ದಲ್ಲಿ ರಾತ್ರಿಯ ಪಾಲನೆಯೂ ಉಚಿತವಾಗಿರಬೇಕಲ್ಲವೆ? ಪಾನಗೃಹವೂ ಜೂಜಿನ ಮೇಜೂ ರಂಗೇರುವುದು ರಾತ್ರಿಯಲ್ಲಿಯೇ ಅಲ್ಲವೆ? ಈ ಆಕ್ಷೇಪ ಯುಕ್ತವಾದುದು. ಇದಕ್ಕೆ ಸಮಾಧಾನ ಬೇಕಾದರೆ ಹಡಗಿನಲ್ಲಿ ಒಂದು ಗಂಟೆಯ ದುಡಿಮೆಗೆ ನಿಜವಾಗಿ ಎಷ್ಟು ಖರ್ಚಾಗುತ್ತದೆಂಬುದನ್ನು ನೋಡಬೇಕು.

3. ರಾತ್ರಿಯ ಗಂಟೆ ದುಬಾರಿಯೇಕೆ?

ದಡದ ಮೇಲಿನ ಊರಿನಲ್ಲಿ ರಾತ್ರಿ ಮಗುವನ್ನು ನೋಡಿಕೊಳ್ಳುವವಳು ಕೆಲಸ ಮುಗಿಸಿ ತನ್ನ ಮನೆಗೆ ಹೋಗುತ್ತಾಳೆ. ಹಡಗಿನಲ್ಲಿ ಅವಳಿಗೆ ಹೋಗಲು ಬೇರೆ ಮನೆಯಿಲ್ಲ. ಅವಳಿಗೊಂದು ಮಲಗುವ ಹಲಗೆ, ಮೂರು ಹೊತ್ತಿನ ಊಟ, ವೈದ್ಯೋಪಚಾರ, ಆಪತ್ತಿನ ಕಾಲಕ್ಕೆ ರಕ್ಷಣಾದೋಣಿಯಲ್ಲಿ ಒಂದು ಸ್ಥಳ, ಇವಿಷ್ಟೂ ಬೇಕು. 1912ರಲ್ಲಿ ಟೈಟಾನಿಕ್ ಮುಳುಗಿದ ತರುವಾಯ, 1914ರಿಂದ ಮೊದಲ್ಗೊಂಡು ರೂಪುಗೊಂಡ ಸಮುದ್ರಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದಗಳ ಪ್ರಕಾರ ಹಡಗಿನಲ್ಲಿರುವ ಪ್ರತಿಯೊಬ್ಬರಿಗೂ ರಕ್ಷಣೆಯ ಏರ್ಪಾಡಿರಲೇಬೇಕು. ಸಿಬ್ಬಂದಿಯ ಮಲಗುವ ಸ್ಥಳಗಳ ಸಂಖ್ಯೆ ಹಡಗು ಕಟ್ಟುವಾಗಲೇ ನಿಶ್ಚಿತವಾಗಿರುತ್ತದೆ. ಆದುದರಿಂದ ಇನ್ನೊಬ್ಬ ಪಾಲಕಿಯನ್ನು ನೇಮಿಸುವುದೆಂದರೆ ಇನ್ನೊಬ್ಬ ಅಡಿಗೆಯವನನ್ನೋ ಪರಿಚಾರಕನನ್ನೋ ಬಿಡುವುದೆಂದೇ ಅರ್ಥ.

ಎರಡನೆಯದು, ವಿಶ್ರಾಂತಿಯ ನಿಯಮ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 2006ರಲ್ಲಿ ಅಂಗೀಕರಿಸಿದ ನಾವಿಕ ಕಾರ್ಮಿಕರ ಒಪ್ಪಂದವು 2013ರಲ್ಲಿ ಜಾರಿಗೆ ಬಂದಿತು. ಭಾರತವು 2015ರಲ್ಲಿ ಅದಕ್ಕೆ ಸಮ್ಮತಿಯಿತ್ತಿತು. ಅದರಲ್ಲಿ ಹೇಳಿರುವ ವಿಶ್ರಾಂತಿಯ ಕ್ರಮದಂತೆ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಕನಿಷ್ಠ 10 ಗಂಟೆ, ಏಳು ದಿನಗಳಲ್ಲಿ ಕನಿಷ್ಠ 77 ಗಂಟೆ ಬಿಡುವು ದೊರೆಯಬೇಕು. ಆ ಹತ್ತು ಗಂಟೆಗಳನ್ನು ಎರಡಕ್ಕಿಂತ ಹೆಚ್ಚು ತುಂಡು ಮಾಡಕೂಡದು. ಒಂದು ತುಂಡಾದರೂ ಆರು ಗಂಟೆಗೆ ಕಡಿಮೆಯಿರಕೂಡದು. ರಾತ್ರಿ ಒಂದು ಗಂಟೆಗೆ ಕೊನೆಯ ಮಗುವನ್ನು ಒಪ್ಪಿಸಿ, ಕೊಠಡಿಯನ್ನು ಒಪ್ಪಮಾಡಿ, ಎರಡು ಗಂಟೆಗೆ ಮಲಗುವವಳನ್ನು ಬೆಳಗಿನ ಆರು ಗಂಟೆಗೆ ಎಬ್ಬಿಸಿದರೆ, ಆರು ಗಂಟೆಯ ಬಿಡುವನ್ನು ಹಗಲಿನಲ್ಲಿಯೇ ಕೊಡಬೇಕಾಗುತ್ತದೆ. ರಾತ್ರಿಯ ಮೂರು ಗಂಟೆಗಳು ಮರುದಿನದ ಪಾಳಿಯನ್ನೂ ಕದಲಿಸುತ್ತವೆ.

ಮೂರನೆಯ ಕಾರಣ ಪಾಲನೆಯ ಸ್ವಭಾವದಲ್ಲಿಯೇ ಇದೆ. ಬೌಮೋಲ್ ಮತ್ತು ಬೋವೆನ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1966ರಲ್ಲಿ ರಂಗಕಲೆಗಳ ಹಣಕಾಸನ್ನು ಕುರಿತು ಬರೆಯುತ್ತ ಒಂದು ತತ್ತ್ವವನ್ನು ಎತ್ತಿತೋರಿಸಿದರು. ಕಾರ್ಖಾನೆಯಲ್ಲಿ ಯಂತ್ರದ ನೆರವಿನಿಂದ ಒಬ್ಬನ ದುಡಿಮೆಯ ಫಲ ವರ್ಷೇವರ್ಷೇ ಹೆಚ್ಚುತ್ತದೆ. ಅದರೊಡನೆ ಕೂಲಿಯೂ ಏರುತ್ತದೆ. ನಾಲ್ವರು ವಾದ್ಯಗಾರರು ನುಡಿಸಬೇಕಾದ ಕೃತಿಗೆ ಮಾತ್ರ ಎಂದೆಂದಿಗೂ ನಾಲ್ವರೇ ಬೇಕು, ಅಷ್ಟೇ ಹೊತ್ತು ಬೇಕು. ಹೀಗಾಗಿ ಇಂತಹ ಸೇವೆಗಳು ಉಳಿದವುಗಳಿಗಿಂತ ದುಬಾರಿಯಾಗುತ್ತ ಹೋಗುತ್ತವೆ. ಶಿಶುಪಾಲನೆಗೂ ಈ ಮಾತು ಸಲ್ಲುತ್ತದೆ. 2024ರಲ್ಲಿ ಯಾನ ಆರಂಭಿಸಿದ ಐಕನ್ ಆಫ್ ದ ಸೀಸ್ ಎಂಬ ನೌಕೆಯಲ್ಲಿ ಐದು ಸಾವಿರಕ್ಕೂ ಮಿಕ್ಕ ಪ್ರಯಾಣಿಕರಿಗೆ ಸ್ಥಳವಿದೆ. ಹಡಗು ದೊಡ್ಡದಾದಷ್ಟೂ ಪ್ರಯಾಣಿಕನೊಬ್ಬನಿಗೆ ತಗಲುವ ಇಂಧನದ ವೆಚ್ಚವು ಇಳಿಯಬಹುದು. ಆದರೆ ಅಳುವ ಮಗುವನ್ನು ಎತ್ತಿ ಸಂತೈಸುವ ತೋಳುಗಳ ಸಂಖ್ಯೆಯನ್ನು ಹಡಗಿನ ಗಾತ್ರ ಹೆಚ್ಚಿಸಲಾರದು.

4. ಶುಲ್ಕದ ಉದ್ದೇಶ

ಇಷ್ಟೆಲ್ಲ ವೆಚ್ಚವನ್ನು ಗಂಟೆಗೆ ಆರೇಳು ಡಾಲರುಗಳು ತುಂಬಿಕೊಡುತ್ತವೆಯೇ ಎಂದರೆ, ನಾಲ್ಕಾರು ಮಕ್ಕಳಷ್ಟೇ ಉಳಿದ ರಾತ್ರಿ ಅದು ಸಂದೇಹಾಸ್ಪದ. ಆದುದರಿಂದ ಈ ಶುಲ್ಕದ ಉದ್ದೇಶ ಹಣವನ್ನು ಕೂಡಿಸುವುದಕ್ಕಿಂತ ಹೆಚ್ಚಾಗಿ ಸಂಖ್ಯೆಯನ್ನು ಹತೋಟಿಯಲ್ಲಿಡುವುದೆಂದು ನಮಗೆ ತೋರುತ್ತದೆ. ಬೆಲೆಯಿದ್ದರೆ ನಿಜವಾಗಿ ಬೇಕಾದವರು ಮಾತ್ರ ಮಗುವನ್ನು ಬಿಡುತ್ತಾರೆ. ಉಳಿದವರು ಹತ್ತು ಗಂಟೆಗೆ ಬಂದು ಕರೆದುಕೊಂಡು ಹೋಗುತ್ತಾರೆ.

ಆದರೆ ಬೆಲೆ ಯಾವಾಗಲೂ ತಡೆಯಂತೆಯೇ ವರ್ತಿಸುವುದೆಂದು ಹೇಳಲಾಗದು. ನೀಜಿ ಮತ್ತು ರುಸ್ತಿಕಿನಿ ಎಂಬ ವಿದ್ವಾಂಸರು ಇಸ್ರೇಲಿನ ಹೈಫಾ ನಗರದ ಹತ್ತು ಶಿಶುವಿಹಾರಗಳಲ್ಲಿ ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಸ್ಮರಣೀಯ. ಮಗುವನ್ನು ಕರೆದೊಯ್ಯಲು ತಡವಾಗಿ ಬರುವ ತಂದೆತಾಯಿಗಳಿಗೆ ಆರು ಶಿಶುವಿಹಾರಗಳಲ್ಲಿ ಸಣ್ಣ ದಂಡವನ್ನು ವಿಧಿಸಲಾಯಿತು. ತಡವಾಗಿ ಬರುವವರು ಕಡಿಮೆಯಾಗುವುದಕ್ಕೆ ಬದಲಾಗಿ ಹೆಚ್ಚಿದರು! ದಂಡವನ್ನು ತೆಗೆದುಹಾಕಿದ ಮೇಲೂ ಹಳೆಯ ಸ್ಥಿತಿ ಮರಳಲಿಲ್ಲ. ಮೊದಲು ಶಿಕ್ಷಕಿಯನ್ನು ಕಾಯಿಸಬಾರದೆಂಬ ದಾಕ್ಷಿಣ್ಯವಿದ್ದಿತು. ಹಣ ಕೊಟ್ಟ ಕೂಡಲೇ ಅದು ಕೊಂಡುಕೊಂಡ ಹಕ್ಕಾಯಿತು. ಹಡಗಿನ ರಾತ್ರಿಶುಲ್ಕಕ್ಕೂ ಈ ಎರಡು ಮುಖಗಳಿವೆ. ಅದು ಕೆಲವರನ್ನು ತಡೆಯುತ್ತದೆ. ಮತ್ತೆ ಕೆಲವರಿಗೆ, ನಿದ್ದೆಗೆಟ್ಟ ಮಗುವಿನ ಮತ್ತು ನಿದ್ದೆಗೆಟ್ಟ ಪಾಲಕಿಯ ವಿಷಯದಲ್ಲಿ ಇರಬೇಕಾದ ಸಂಕೋಚವನ್ನು ಅಳಿಸಿಹಾಕುತ್ತದೆ.

5. ಒಂದು ಹಳೆಯ ಲೆಕ್ಕ

ಹಡಗಿನ ಶಿಶುಪಾಲನೆಯ ಇತಿಹಾಸದಲ್ಲಿ ಭಾರತದ ಹೆಂಗಸರಿಗೆ ಒಂದು ಸ್ಥಾನವಿದೆ. ಇಂಗ್ಲಿಷರ ಆಳ್ವಿಕೆಯ ಕಾಲದಲ್ಲಿ ಇಲ್ಲಿಂದ ಸ್ವದೇಶಕ್ಕೆ ಹೊರಡುವ ಕುಟುಂಬಗಳು ಮಕ್ಕಳನ್ನು ನೋಡಿಕೊಳ್ಳಲು ಆಯಾಗಳನ್ನು ಜೊತೆಯಲ್ಲಿ ಕರೆದೊಯ್ಯುತ್ತಿದ್ದರು. ಹಗಲಿರುಳೆನ್ನದೆ ಮಕ್ಕಳನ್ನು ಸಾಕುವುದು, ಸಮುದ್ರದ ಓಲಾಟದಿಂದ ಅಸ್ವಸ್ಥಳಾದ ಒಡತಿಯನ್ನು ಉಪಚರಿಸುವುದು, ಸಾಮಾನುಗಳನ್ನು ಕಾಯುವುದು, ಇವೆಲ್ಲವೂ ಅವರ ಪಾಲಿನ ಕೆಲಸ. ಅವರಿಗೆ ಹತ್ತು ಗಂಟೆಯೆಂಬ ಮೇರೆಯಿರಲಿಲ್ಲ. ಗಂಟೆಯ ಲೆಕ್ಕವೂ ಇರಲಿಲ್ಲ. ಲಂಡನ್ನನ್ನು ಮುಟ್ಟಿದ ಮೇಲೆ, ಮರಳುವ ಪ್ರಯಾಣದ ಏರ್ಪಾಡಿಲ್ಲದೆ ಕೆಲಸದಿಂದ ಬಿಡುಗಡೆ ಹೊಂದಿ ದಿಕ್ಕುಗೆಟ್ಟವರೂ ಇದ್ದರು. ಅಂತಹವರಿಗೆ ಆಶ್ರಯವಾಗಿದ್ದ ಆಯಾಗಳ ನಿಲಯವು 1900ರಲ್ಲಿ ಲಂಡನ್ನಿನ ಹ್ಯಾಕ್ನಿ ಭಾಗಕ್ಕೆ ಬಂದಿತು. ಅಲ್ಲಿ ಅದಿದ್ದ ಕಟ್ಟಡಕ್ಕೆ 2022ರಲ್ಲಿ ಸ್ಮಾರಕಫಲಕವನ್ನು ಹಾಕಲಾಯಿತು.

ಆ ಆಯಾಗಳನ್ನು ಹೊತ್ತು ಸಾಗಿದ ಹಡಗುಗಳಲ್ಲಿ ಪಿ. ಅಂಡ್ ಓ. ಸಂಸ್ಥೆಯವೂ ಇದ್ದವು. ಅದೇ ಹೆಸರಿನ, ಆದರೆ 2003ರಿಂದ ಕಾರ್ನಿವಲ್ ಸಮೂಹಕ್ಕೆ ಸೇರಿದ ವಿಹಾರನೌಕೆಗಳಲ್ಲಿಯೇ ಉಚಿತವಾದ ರಾತ್ರಿಯ ಶಿಶುಗೃಹ ಏರ್ಪಟ್ಟದ್ದು ಕಾಲದ ವೈಚಿತ್ರ್ಯ. ಅಂದು ಲೆಕ್ಕಕ್ಕೆ ಬಾರದಿದ್ದ ದುಡಿಮೆ ಇಂದು ಪಾಳಿಪಟ್ಟಿಗೂ ವೇತನಕ್ಕೂ ವಿಶ್ರಾಂತಿಯ ನಿಯಮಕ್ಕೂ ಒಳಪಟ್ಟಿದೆ. ಇದು ಸಾಮಾನ್ಯವಾದ ಲಾಭವಲ್ಲ.

6. ನಮ್ಮ ಕುಟುಂಬಗಳ ಮಾತು

ಇನ್ನು ನಮ್ಮವರ ವಿಷಯ. ಗಂಟೆಗೆ ಇಷ್ಟು ಡಾಲರೆಂದು ಕೇಳಿದೊಡನೆ ನಮ್ಮಲ್ಲಿ ಅನೇಕರು ಹೇಳುವುದು ಒಂದೇ ಮಾತು: "ಅದಕ್ಕೇನು, ಅಮ್ಮನನ್ನೂ ಕರೆದುಕೊಂಡು ಹೋದರಾಯಿತು." ಅಜ್ಜಿಗೂ ಸಮುದ್ರವನ್ನು ಕಂಡಂತಾಯಿತು, ಮಗುವಿಗೂ ಆಸರೆಯಾಯಿತು ಎಂಬ ಎಣಿಕೆ. ಸ್ನೇಹದಿಂದ ಹುಟ್ಟಿದ ಎಣಿಕೆಯಾದರೆ ಅದು ಸ್ವಾಗತಾರ್ಹವೇ. ಆದರೆ ಸಂಗೀತಕಛೇರಿ ಆರಂಭವಾಗುವ ಹೊತ್ತಿಗೆ ಅಜ್ಜಿ ಕಿಟಕಿಯಿಲ್ಲದ ಕ್ಯಾಬಿನ್ನಿನಲ್ಲಿ ಮೊಮ್ಮಗುವನ್ನು ತಟ್ಟಿ ಮಲಗಿಸುತ್ತಿದ್ದರೆ, ಏಳು ರಾತ್ರಿಯೂ ಹಾಗೆಯೇ ಆದರೆ, ಆಕೆ ವಿಹಾರಕ್ಕೆ ಬಂದವಳೆಂದು ಹೇಳುವುದು ಹೇಗೆ? ಅಜ್ಜಿ ಬಾರದ ಕುಟುಂಬದಲ್ಲಿ ಈ ಪಾಲು ಬಹುಮಟ್ಟಿಗೆ ತಾಯಿಯದಾಗುತ್ತದೆ. ಅಜ್ಜಿಯ ಟಿಕೆಟ್ಟಿಗೆ ಕೊಡುವ ಹಣ ಸಾಮಾನ್ಯವಾಗಿ ರಾತ್ರಿಶುಲ್ಕದ ಮೊತ್ತಕ್ಕಿಂತ ಹೆಚ್ಚಾಗಿರುತ್ತದೆಂಬುದನ್ನೂ ಇಲ್ಲಿ ನೆನೆಯಬೇಕು. ಉಳಿತಾಯದ ಲೆಕ್ಕದಿಂದಲೂ ಈ ಉಪಾಯ ನಿಲ್ಲುವುದಿಲ್ಲ.

ಮಗುವನ್ನು ಕ್ಯಾಬಿನ್ನಿನಲ್ಲಿ ಒಂಟಿಯಾಗಿ ಮಲಗಿಸಿ ಹೊರಡುವುದಂತೂ ಸರ್ವಥಾ ಕೂಡದು. ವಿಹಾರಗೃಹದ ಮಕ್ಕಳಿಗೆ, ಅಪಾಯದ ಗಂಟೆ ಮೊಳಗಿದರೆ ಸೇರಬೇಕಾದ ಸ್ಥಳದ ಗುರುತುಳ್ಳ ಕೈಪಟ್ಟಿಯನ್ನು ಕಟ್ಟಿರುತ್ತಾರೆ; ಮಗು ಪಾಲಕರ ವಶದಲ್ಲಿದ್ದರೆ ಅವರೇ ಅದನ್ನು ಅಲ್ಲಿಗೆ ತಲಪಿಸುತ್ತಾರೆ. ಮುಚ್ಚಿದ ಕ್ಯಾಬಿನ್ನಿನಲ್ಲಿ ಒಂಟಿಯಾಗಿರುವ ಮಗುವಿಗೆ ಆ ರಕ್ಷೆಯಿಲ್ಲ.

ಹೊರಡುವ ಮುನ್ನ ತಿಳಿದುಕೊಳ್ಳಬೇಕಾದುದು ಹೆಚ್ಚಿಲ್ಲ. ಉಚಿತ ಪಾಲನೆ ಎಷ್ಟು ಗಂಟೆಗೆ ಮುಗಿಯುತ್ತದೆ, ಮಗುವಿನ ವಯಸ್ಸು ಯಾವ ವರ್ಗಕ್ಕೆ ಸೇರುತ್ತದೆ, ಎರಡನೆಯ ಮಗುವಿಗೆ ರಿಯಾಯಿತಿಯುಂಟೆ, ದರದ ಮೇಲೆ ಸೇವಾಶುಲ್ಕವನ್ನು ಸೇರಿಸುತ್ತಾರೆಯೆ ಎಂದು ಮೊದಲೇ ವಿಚಾರಿಸಬೇಕು. ಏಳು ರಾತ್ರಿಗಳಲ್ಲಿ ಎರಡು ರಾತ್ರಿ ಶುಲ್ಕವನ್ನು ತೆತ್ತು, ಉಳಿದ ರಾತ್ರಿಗಳಲ್ಲಿ ಗಂಡಹೆಂಡಿರು ಸರದಿಯ ಮೇಲೆ ಮಗುವಿನ ಬಳಿ ಉಳಿದರೆ ಮೇಲೆ ಹೇಳಿದ 252 ಡಾಲರ್ 72ಕ್ಕೆ ಇಳಿಯುತ್ತದೆ. ಅಜ್ಜಿ ಜೊತೆಗಿದ್ದಲ್ಲಿ ಆಕೆಯೂ ಅಂತಹ ಒಂದು ಸರದಿಯ ಪಾಲುದಾರಳಾಗಬಹುದು, ಆಕೆಯನ್ನು ಮೊದಲು ಕೇಳಿದರೆ.

ರಾತ್ರಿಯ ಪಾಲನೆಗೆ ಬೆಲೆಯಿಲ್ಲದ ಕಾಲವೆಂಬುದು ಎಂದೂ ಇರಲಿಲ್ಲ. ಆಯಾ ಅದನ್ನು ತೆತ್ತಳು, ತಾಯಿ ತೆತ್ತಳು, ಅಜ್ಜಿ ತೆರುತ್ತಿದ್ದಾಳೆ; ಯಾರ ಬಿಲ್ಲಿನಲ್ಲಿಯೂ ಅದು ಬರೆದಿರಲಿಲ್ಲ, ಅಷ್ಟೆ. ನೌಕಾಸಂಸ್ಥೆ ವ್ಯಾಪಾರಬುದ್ಧಿಯಿಂದಲೇ ಇರಲಿ, ಅದನ್ನು ಗಂಟೆಯ ಲೆಕ್ಕದಲ್ಲಿ ಬರೆದು ತೋರಿಸಿದೆ. ಆ ಚೀಟಿಯನ್ನು ನೋಡಿ ದುಬಾರಿಯೆಂದು ಹುಬ್ಬುಗಂಟಿಕ್ಕುವ ಮೊದಲು, ನಮ್ಮ ಮನೆಗಳಲ್ಲಿ ಈ ಲೆಕ್ಕ ಇದುವರೆಗೆ ಯಾರ ಹೆಸರಿನಲ್ಲಿ ಸಂದಾಯವಾಗುತ್ತ ಬಂದಿದೆಯೆಂದು ವಿಚಾರಿಸುವುದು ಒಳ್ಳೆಯದು.